ದಾಸವಾಳದ ಬೇಲಿ: ಆಚೆ ಅಜ್ಜಿ, ಈಚೆ ಕಲ್ಲು

"ಏನವ್ವಾ, ಇವತ್ತು ಕಲ್ಲು ಸುಮ್ನಿದೆ? ಮೈಗೆ ಹುಷಾರಿಲ್ವಾ?"

ಬೆಳಿಗ್ಗೆ ಹತ್ತಾದರೂ ನನ್ನ ಶೆಡ್ಡಿನಿಂದ ಉಳಿಯ ಸದ್ದು ಕೇಳದಿದ್ದರೆ ಪಕ್ಕದ ಮನೆ ಅಜ್ಜಿ ದಾಸವಾಳದ ಬೇಲಿಯ ಹತ್ತಿರ ಬಂದು ಹೀಗೆ ಕೇಳುತ್ತಾರೆ. ಏಳು ವರ್ಷದ ಹಿಂದೆ ಇದೇ ಅಜ್ಜಿ ಇದೇ ಜಾಗದಲ್ಲಿ ನಿಂತು, "ಈ ಟಕಟಕ ಯಾವಾಗ ನಿಲ್ಲುತ್ತವ್ವಾ?" ಎಂದು ಕೇಳಿದ್ದರು. ಆ ಮಾತಿಗೂ ಈ ಮಾತಿಗೂ ನಡುವಿನ ಏಳು ವರ್ಷದಲ್ಲಿ ನಾನು ಹಿತ್ತಲಲ್ಲಿ ಒಂದು ಕೆಲಸದ ಮನೆ ಕಟ್ಟಿಕೊಂಡೆ, ಒಂದಷ್ಟು ಶಿಲ್ಪ ಮಾಡಿದೆ, ಅವನ್ನು ಹೊತ್ತುಕೊಂಡು ಊರೂರು ತಿರುಗಿದೆ. ಇವತ್ತು ಕುಳಿತು ಹೇಳೋಣ ಅನ್ನಿಸಿದ್ದು ಆ ವಿಷಯವೇ.

ಆ ಕೆಲಸದ ಮನೆಯನ್ನು ನಾನು ಸ್ಟುಡಿಯೋ ಎನ್ನುತ್ತೇನೆ. ಅಜ್ಜಿ ಅದಕ್ಕೆ ಕೊಟ್ಟಿಗೆ ಎನ್ನುತ್ತಾರೆ. ಅವರ ಮಾತೂ ಸರಿಯೇ. ಜಿಂಕ್ ಶೀಟಿನ ಮಾಡು, ಮೂರು ಕಡೆ ಇಟ್ಟಿಗೆ ಗೋಡೆ, ಮೂಲೆಯಲ್ಲಿ ನೀರಿನ ತೊಟ್ಟಿ, ಹದಿನೈದಕ್ಕೆ ಇಪ್ಪತ್ತು ಅಡಿ ಜಾಗ. ನಡುವೆ ನಿಂತಿರುವುದು ಹಸುವಲ್ಲ, ಕಲ್ಲು, ಅಷ್ಟೇ ವ್ಯತ್ಯಾಸ. ಎರಡಕ್ಕೂ ದಿನವೂ ಮೈ ಸವರಬೇಕು, ಎರಡನ್ನೂ ಬಿಟ್ಟು ನಾಲ್ಕು ದಿನ ಊರಿಗೆ ಹೋಗಲಾಗುವುದಿಲ್ಲ.

ಹಿಂದಿನವರು ಮನೆಯಲ್ಲಿ ಕಲ್ಲು ಕೆತ್ತುವ ಗೋಜಿಗೆ ಹೋಗಿರಲಿಕ್ಕಿಲ್ಲ. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಅವರೆಲ್ಲ ಊರು ಬಿಟ್ಟು ಗುಡಿ ಏಳುವ ಕಡೆಗೆ ಹೋದವರು, ಅಲ್ಲೇ ಬಿಡಾರ ಹೂಡಿದವರು. ಮನೆಯಲ್ಲೇ ಕೆತ್ತುವ ಊರೂ ಇದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ ನೋಡಿ, ಬೀದಿ ಬೀದಿಯಲ್ಲಿ ಮನೆ ಮುಂದೆಯೇ ಕಲ್ಲು ಕೆತ್ತುತ್ತ ಕೂತಿರುತ್ತಾರೆ. ಅಲ್ಲಿ ಸದ್ದಾಯಿತು ಅಂತ ಯಾರು ಯಾರನ್ನು ಕೇಳಬೇಕು? ನಾನಿರುವುದು ಮೈಸೂರಿನ ಒಂದು ಬಡಾವಣೆ. ಇಲ್ಲಿ ಒಂದು ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗ, ಇನ್ನೊಂದರಲ್ಲಿ ಎಳೆಯ ಬಾಣಂತಿ, ಪಕ್ಕದಲ್ಲಿ ಊಟವಾದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚುವ ಅಜ್ಜಿ. ಇಂಥ ಕಡೆಗೆ ಕಲ್ಲನ್ನು ಕರೆದುಕೊಂಡು ಬಂದವಳು ನಾನು. ಹೊಂದಿಕೊಳ್ಳಬೇಕಾದವಳೂ ನಾನೇ.

ಕಲ್ಲಿನ ತೂಕ ಎಷ್ಟು ಅಂತ ಅಂದಾಜಿರಲಿ ಅಂತ ಹೇಳುತ್ತೇನೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗ್ರಾನೈಟು ಹೆಚ್ಚೂಕಡಿಮೆ 75 ಕೆ.ಜಿ. ತೂಗುತ್ತದೆ. ಎರಡಡಿ ಎತ್ತರದ, ಒಂದೂವರೆ ಅಡಿ ಅಗಲದ, ಒಂದಡಿ ದಪ್ಪದ ಕಲ್ಲು ಅಂದರೆ 225 ಕೆ.ಜಿ. ಹತ್ತಿರ. ನೋಡುವುದಕ್ಕೆ ಒಂದು ಪೆಟ್ಟಿಗೆಯಷ್ಟಿರುತ್ತದೆ, ಎತ್ತಲು ಹೋದರೆ ನಾಲ್ಕು ಜನಕ್ಕೂ ಬಗ್ಗುವುದಿಲ್ಲ. ಅದಕ್ಕೇ ಶಿಲ್ಪಿಯ ಮನೆಯಲ್ಲಿ ಮೊದಲು ಯೋಚಿಸಬೇಕಾದ್ದು ಬಾಗಿಲಿನ ವಿಷಯ. ಕಲ್ಲು ಒಳಗೆ ಹೇಗೆ ಬರುತ್ತದೆ, ವಿಗ್ರಹ ಹೊರಗೆ ಹೇಗೆ ಹೋಗುತ್ತದೆ. ನನಗೆ ಗೊತ್ತಿರುವ ಹಿರಿಯರೊಬ್ಬರು ಕೋಣೆಯೊಳಗೇ ಜೇಡಿಮಣ್ಣಿನಲ್ಲಿ ಆಳೆತ್ತರದ ಮೂರ್ತಿ ಮಾಡಿ, ಅಚ್ಚು ತೆಗೆದು, ಎರಕ ಹೊಯ್ದು, ಕೊನೆಗೆ ಚಾಚಿದ ಕೈ ಬಾಗಿಲಲ್ಲಿ ಹಿಡಿಸದೆ ಚೌಕಟ್ಟು ಕೀಳಿಸಿದರು. ಅದನ್ನು ಕಣ್ಣಾರೆ ಕಂಡಿದ್ದೆ. ಹಾಗಾಗಿ ನಮ್ಮ ಶೆಡ್ಡಿಗೆ ನಾಲ್ಕನೆಯ ಗೋಡೆ ಕಟ್ಟಲೇ ಇಲ್ಲ. ಅಲ್ಲಿರುವುದು ಎಂಟಡಿ ಅಗಲದ ಎರಡು ಬಾಗಿಲಿನ ಕಬ್ಬಿಣದ ಗೇಟು. ಟೆಂಪೋ ಹಿಮ್ಮುಖವಾಗಿ ಗೇಟಿನ ತನಕ ಬರುತ್ತದೆ. ಮೇಲೆ ಅಡ್ಡಲಾಗಿ ಕಬ್ಬಿಣದ ಗರ್ಡರು, ಅದಕ್ಕೆ ಒಂದು ಟನ್ನಿನ ಚೈನ್ ಪುಲ್ಲಿ. ಸರಪಳಿ ಎಳೆಯುತ್ತ ಹೋದರೆ ಕಲ್ಲು ಬೆರಳಷ್ಟು ಬೆರಳಷ್ಟೇ ಮೇಲೇಳುತ್ತದೆ. ಈಗ ಒಬ್ಬ ಸಹಾಯಕ ಇದ್ದರೆ ಸಾಕು.

ದೊಡ್ಡ ಕೆಲಸದ ದೊಡ್ಡ ಬಾಗಿಲನ್ನು ನೆನೆದಾಗಲೆಲ್ಲ ನನಗೆ ರೆಂಜಾಳ ಗೋಪಾಲಕೃಷ್ಣ ಶೆಣೈ ನೆನಪಾಗುತ್ತಾರೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಅವರು ಕೆತ್ತಿದ್ದು ಕಾರ್ಕಳದಲ್ಲಿ. ಕೆತ್ತಿ ಮುಗಿಸಿದ ಅಷ್ಟು ದೊಡ್ಡ ಏಕಶಿಲೆಯನ್ನು 1973ರಲ್ಲಿ ಟ್ರೇಲರಿನ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಿದರು. 1982ರಲ್ಲಿ ಪ್ರತಿಷ್ಠೆಯಾಯಿತು. ಬೆರಳಿಗೆ, ಮೂಗಿಗೆ ಎಲ್ಲಿ ಪೆಟ್ಟಾಗುತ್ತದೋ ಎಂದು ದಾರಿಯುದ್ದಕ್ಕೂ ಹಿಡಿದ ಉಸಿರು ಎಂಥದ್ದಿರಬೇಕು! ಎರಡಡಿಯ ಮೂರ್ತಿಯನ್ನು ಟೆಂಪೋದಲ್ಲಿ ಕಳಿಸುವಾಗ ನನಗೆ ಊಟ ಸೇರುವುದಿಲ್ಲ.

ಬಾಗಿಲಾದ ಮೇಲೆ ಬೆಳಕು. ಶಿಲ್ಪಿಯ ಕೋಣೆಗೆ ಉತ್ತರದ ಕಿಟಕಿ ಬೇಕು, ಅಲ್ಲಿಂದ ಬಿಸಿಲು ನೇರವಾಗಿ ಬೀಳದೆ ದಿನವಿಡೀ ಸಮನಾದ ಬೆಳಕು ಬರುತ್ತದೆ ಎಂದು ಪುಸ್ತಕದಲ್ಲಿ ಓದಿ ಹಾಗೇ ಇಡಿಸಿದೆ. ಚಳಿಗಾಲವೆಲ್ಲ ಚೆನ್ನಾಗಿತ್ತು. ಮೇ ತಿಂಗಳು ಬಂದಾಗ ಕಲ್ಲಿನ ಮೇಲೆ ಬಿಸಿಲಿನ ಪಟ್ಟಿ ಬಿತ್ತು. ಆ ಪುಸ್ತಕ ಬರೆದವರು ತಣ್ಣನೆಯ ದೇಶದವರು. ನಮ್ಮ ಮೈಸೂರು ಇರುವುದು ಭೂಮಧ್ಯರೇಖೆಯಿಂದ ಹನ್ನೆರಡು ಡಿಗ್ರಿ ಚಿಲ್ಲರೆಯಷ್ಟೇ ಮೇಲೆ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿದರೆ ಮತ್ತೆ ದಕ್ಷಿಣಕ್ಕೆ ಬರುವುದು ಆಗಸ್ಟಿನಲ್ಲಿ. ಅದನ್ನು ಅಜ್ಜಿಗೆ ಹೇಳಿದೆ. "ಅದಕ್ಕೇನು, ನಮ್ಮೂರಲ್ಲಿ ಬಡಗಣ ಜಗಲಿಗೆ ಬೇಸಿಗೆಲಿ ಚಾಪೆ ಇಳಿಬಿಡ್ತಿದ್ವಲ್ಲ" ಎಂದರು. ನಾನೂ ಮಾಡಿನ ಅಂಚನ್ನು ಎರಡಡಿ ಮುಂದಕ್ಕೆ ಎಳೆಸಿದೆ, ನಾಲ್ಕು ತಿಂಗಳು ಬಿಳಿ ಪಂಚೆ ಕಟ್ಟುತ್ತೇನೆ. ಆಮೇಲೆ ತೊಂದರೆ ಇಲ್ಲ.

ಇನ್ನು ಧೂಳು. ಇದನ್ನು ಸ್ವಲ್ಪ ನಿಂತು ಹೇಳಬೇಕು. ಮೊದಲ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗ್ರೈಂಡರ್ ಹಿಡಿದು ಕಲ್ಲಿನ ಮೂಲೆ ಕೊಯ್ಯುತ್ತಿದ್ದೆ. ಅರ್ಧ ಗಂಟೆ ಬಿಟ್ಟು ತಲೆ ಎತ್ತಿದರೆ ಬೇಲಿಯ ಆಚೆ ಅಜ್ಜಿ ಮಾತಿಲ್ಲದೆ ನಿಂತಿದ್ದರು. ಅವರ ಕೈಯಲ್ಲಿ ಒಂದು ಸಂಡಿಗೆ. ಬೆಳಗಿನ ಜಾವ ಎದ್ದು ಹಿಟ್ಟು ಕಾಸಿ, ತಾರಸಿಯ ಮೇಲೆ ಸೀರೆ ಹಾಸಿ ಇಟ್ಟಿದ್ದ ಅರಳು ಸಂಡಿಗೆಯ ಮೇಲೆಲ್ಲ ಬೂದಿಯ ಹಾಗೆ ಕಲ್ಲಿನ ಹುಡಿ ಕೂತಿತ್ತು. ಅವರು ಬೈಯಲಿಲ್ಲ. "ಇದು ನಿನ್ನ ಹೊಟ್ಟೆಗೂ ಹೋಗ್ತದಲ್ಲವ್ವಾ ದಿನಾ?" ಎಂದರು.

ನಾನು ಅದುವರೆಗೆ ಮುಖಕ್ಕೆ ಒಂದು ಕರ್ಚೀಫು ಕಟ್ಟಿಕೊಳ್ಳುತ್ತಿದ್ದೆ. ಗ್ರಾನೈಟಿನಲ್ಲಿ ಬೆಣಚು ಇರುತ್ತದೆ. ಅದರ ಹುಡಿ ಕಣ್ಣಿಗೆ ಕಾಣುವ ಧೂಳಿಗಿಂತ ಎಷ್ಟೋ ಸಣ್ಣದು. ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ತೂರಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಅಲ್ಲೇ ಕೂತು ಗಾಯ ಮಾಡುತ್ತದೆ. ಸಿಲಿಕೋಸಿಸ್ ಎಂಬ ಆ ಕಾಯಿಲೆಗೆ ಪೂರ್ತಿ ಗುಣವಾಗುವ ಮದ್ದಿಲ್ಲ. ಕಲ್ಲುಗಣಿಯವರು, ಕಲ್ಲು ಕೆತ್ತುವವರು ಎಷ್ಟೋ ಮಂದಿ ಇದರಿಂದ ನಡುವಯಸ್ಸಿಗೇ ಉಸಿರು ಕಳೆದುಕೊಂಡಿದ್ದಾರೆ. ಗೊತ್ತಿದ್ದೂ ಉದಾಸೀನ ಮಾಡಿದ್ದೆ. ಅವತ್ತೇ ಹೋಗಿ ಸರಿಯಾದ ಮಾಸ್ಕು ತಂದೆ. ಬ್ಲೇಡಿನ ಮೇಲೆ ಸಣ್ಣಗೆ ನೀರು ಬೀಳುವ ಹಾಗೆ ಕೊಳವೆ ಹಾಕಿಸಿದೆ. ನೆನೆದ ಧೂಳು ಹಾರುವುದಿಲ್ಲ, ಕೆಸರಾಗಿ ಕೆಳಗೆ ಇಳಿಯುತ್ತದೆ. ಕರೆಂಟು ಶಾಕ್ ಹೊಡೆದರೆ ತಟ್ಟನೆ ಆಫ್ ಆಗುವ ಸ್ವಿಚ್ಚನ್ನೂ ಹಾಕಿಸಿದೆ. ನೀರೂ ಕರೆಂಟೂ ಒಟ್ಟಿಗಿರುವ ಕಡೆ ಅದಿಲ್ಲದೆ ಕೆಲಸ ಮಾಡಬಾರದು.

ಆ ಸಂಜೆಯೇ ನಮ್ಮಿಬ್ಬರ ನಡುವೆ ಬೇಲಿಯ ಮೇಲೊಂದು ಒಪ್ಪಂದವಾಯಿತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸುತ್ತಿಗೆ ಮುಟ್ಟುವ ಹಾಗಿಲ್ಲ. ತಾರಸಿಯಲ್ಲಿ ಸಂಡಿಗೆಯೋ ಹಪ್ಪಳವೋ ಇದ್ದರೆ ಗ್ರೈಂಡರ್ ಇಲ್ಲ, ಉಳಿ ಮಾತ್ರ. ಪರೀಕ್ಷೆಯ ತಿಂಗಳಲ್ಲಿ ಸಂಜೆ ಆರರ ಮೇಲೆ ಜೇಡಿಮಣ್ಣಿನ ಕೆಲಸ, ಅದು ಸದ್ದು ಮಾಡುವುದಿಲ್ಲ. ಈ ಏಳು ವರ್ಷದಲ್ಲಿ ಇಬ್ಬರೂ ಒಮ್ಮೆಯೂ ತಪ್ಪಿಲ್ಲ. ಮನೆಯಲ್ಲಿ ಸ್ಟುಡಿಯೋ ಮಾಡಬೇಕು ಅಂತ ಎಳೆಯರು ಯಾರಾದರೂ ಕೇಳಲು ಬಂದರೆ ನಾನು ಮೊದಲು ಹೇಳುವುದು ಇದನ್ನೇ. ಸಿಮೆಂಟು ತರುವ ಮುಂಚೆ ಅಕ್ಕಪಕ್ಕದ ಮನೆಗೆ ಹೋಗಿ ಕಾಫಿ ಕುಡಿದು ಬನ್ನಿ. ಅವರು ಒಪ್ಪಿದರೆ ಅರ್ಧ ಸ್ಟುಡಿಯೋ ಎದ್ದ ಹಾಗೆ.

ಒಪ್ಪಂದವಾದ ಮೇಲೆ ಅಜ್ಜಿ ನೋಡಲು ಶುರು ಮಾಡಿದರು. ಎಚ್.ಡಿ. ಕೋಟೆ ಕಡೆಯಿಂದ ಕೃಷ್ಣಶಿಲೆ ತರಿಸಿದ ದಿನ ಟೆಂಪೋ ಬಂದ ಸದ್ದಿಗೇ ಬೇಲಿಗೆ ಬಂದು ನಿಂತರು. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ 51 ಅಂಗುಲದ ಬಾಲರಾಮನನ್ನು ನಮ್ಮ ಮೈಸೂರಿನವರೇ ಆದ ಅರುಣ್ ಯೋಗಿರಾಜ್ ಕೆತ್ತಿದ್ದು ಇದೇ ಜಾತಿಯ ಕಲ್ಲಿನಲ್ಲಿ. ಅದಾದ ಮೇಲೆ ಬೀದಿಯವರೆಲ್ಲ ಈ ಕಲ್ಲಿನ ಹೆಸರು ಹಿಡಿದು ಕೇಳುತ್ತಾರೆ. ನಾನು ಸುತ್ತಿಗೆಯಿಂದ ಮೆಲ್ಲಗೆ ಅಲ್ಲಲ್ಲಿ ತಟ್ಟುತ್ತ ಹೋದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಒಡೆಯುತ್ತದೆ, ಗಟ್ಟಿ ಕಲ್ಲಾದರೆ ಗಂಟೆಯ ಹಾಗೆ ಮೊಳಗುತ್ತದೆ. ಶಿಲ್ಪಶಾಸ್ತ್ರದಲ್ಲಿ ಈ ದನಿಯ ಮೇಲೇ ಗಂಡು ಕಲ್ಲು, ಹೆಣ್ಣು ಕಲ್ಲು ಎಂದು ಬೇರೆ ಮಾಡುತ್ತಾರೆ. ಒಂದು ಮೂಲೆಯಲ್ಲಿ ತಟ್ಟಿದಾಗ ನನಗಿಂತ ಮುಂಚೆ ಅಜ್ಜಿ, "ಅಲ್ಲಿ ಬೋದಾಗದೆ ನೋಡು" ಎಂದರು. ನಿಜವೇ, ಆ ಮೂಲೆಯಲ್ಲಿ ಬಿರುಕಿತ್ತು.

"ನಿಮಗೆ ಹೇಗೆ ತಿಳೀತಜ್ಜಿ?"

"ಒರಳು ಕೊಳ್ಳೋವಾಗ ಹೀಗೇ ಅಲ್ವಾ ತಟ್ಟಿ ನೋಡ್ತಿದ್ದದ್ದು. ಬೋದು ಬಂದ ಕಲ್ಲು ತಂದ್ರೆ ಹಿಟ್ಟಲ್ಲಿ ಮರಳು ಬರೋದು."

ಐವತ್ತು ವರ್ಷ ಒರಳಿನ ಮುಂದೆ, ಬೀಸುವ ಕಲ್ಲಿನ ಮುಂದೆ ಕೂತವರಿಗೆ ಕಲ್ಲಿನ ವಿದ್ಯೆ ನಾನು ಹೇಳಿಕೊಡಲು ಹೊರಟಿದ್ದೆ. ಕಲ್ಲು ನುಣುಪಾದಾಗ ಕುಟ್ಟುವವರನ್ನು ಕರೆಸಿ ಮತ್ತೆ ತರಿ ಮಾಡಿಸುತ್ತಿದ್ದುದು, ಕುಟ್ಟಿಸಿದ ಮೊದಲ ಸಲ ಬರೀ ಹೊಟ್ಟು ರುಬ್ಬಿ ಹುಡಿ ತೆಗೆಯುತ್ತಿದ್ದುದು, ಎಲ್ಲ ಹೇಳಿದರು. ಅವತ್ತೇ ನನಗೆ ಆ ಕೃಷ್ಣಶಿಲೆಯಲ್ಲಿ ಏನು ಮಾಡಬೇಕು ಅಂತ ಹೊಳೆದದ್ದು. ಒರಳಿನ ಮುಂದೆ ಕೂತು ರುಬ್ಬುವ ಹೆಂಗಸು.

ಮೊದಲು ಮಣ್ಣಿನಲ್ಲಿ ಒಂದಡಿ ಎತ್ತರದ ಮಾದರಿ ಮಾಡಿದೆ. ಒಳಗೆ ಕಬ್ಬಿಣದ ಸರಳು, ತಂತಿ ಸುತ್ತಿದ ಕಡ್ಡಿ, ಮೇಲೆ ಜೇಡಿ. ರಾತ್ರಿ ಒದ್ದೆ ಬಟ್ಟೆ ಹೊದಿಸಿ ಮೇಲೆ ಪ್ಲಾಸ್ಟಿಕ್ ಮುಚ್ಚಬೇಕು, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಒಣಗಿ ಸೀಳುತ್ತದೆ. ಮೂರು ವಾರ ಕೂತು ಮಾಡಿದ ಮೇಲೆ ತಿರುಗುವ ಮಣೆಯ ಸಮೇತ ತಂದು ಬೇಲಿಯ ಹತ್ತಿರ ಇಟ್ಟೆ. ಅಜ್ಜಿ ತುಂಬ ಹೊತ್ತು ನೋಡಿದರು. ಮಣೆ ತಿರುಗಿಸು ಎಂದರು, ತಿರುಗಿಸಿದೆ. ಆಮೇಲೆ ಮೆಲ್ಲಗೆ ಹೇಳಿದರು:

"ಚೆನ್ನಾಗದೆ ಕಣವ್ವಾ. ಆದ್ರೆ ಇವಳು ರುಬ್ತಾ ಇಲ್ಲ."

"ಯಾಕಜ್ಜಿ?"

"ಮೊಣಕೈಯಲ್ಲಿ ತಿರುಗಿಸ್ತಾವ್ಳೆ. ರುಬ್ಬೋದು ಮೊಣಕೈಯಲ್ಲಲ್ಲ, ಬೆನ್ನಲ್ಲಿ."

ಅಷ್ಟು ಹೇಳಿ, ಆ ವಯಸ್ಸಿನಲ್ಲಿ, ಬೇಲಿಯ ಆಚೆ ನೆಲದ ಮೇಲೆ ಕೂತೇಬಿಟ್ಟರು. ಒಂದು ಕಾಲು ನೀಡಿದರು, ಇನ್ನೊಂದನ್ನು ಮಡಿಸಿದರು. ಬಲಗೈ ಗುಂಡುಕಲ್ಲಿನ ಮೇಲೆ, ಎಡಗೈ ಹಿಟ್ಟು ತಳ್ಳುವುದಕ್ಕೆ. ಗಾಳಿಯಲ್ಲೇ ರುಬ್ಬತೊಡಗಿದರು. ನಾನು ದಾಸವಾಳದ ರೆಂಬೆ ಸರಿಸಿ ನೋಡಿದೆ. ಬಲಗೈ ಆಚೆಗೆ ಹೋದಾಗ ಎಡ ಭುಜ ಕೆಳಗಿಳಿಯುತ್ತಿತ್ತು. ಕೈ ಹತ್ತಿರ ಬಂದಾಗ ಸೊಂಟದ ಮೇಲಿಂದ ಇಡೀ ಬೆನ್ನು ಹಿಂದಕ್ಕೆ ವಾಲುತ್ತಿತ್ತು. ಕತ್ತು ಮಾತ್ರ ಅಲುಗುತ್ತಿರಲಿಲ್ಲ, ಕಣ್ಣು ಹಿಟ್ಟಿನ ಮೇಲೇ. ಬೆರಳು ಕಲ್ಲಿಗೆ ಸಿಕ್ಕಬಾರದಲ್ಲ.

ಆ ಮೂರು ವಾರದ ಮಣ್ಣನ್ನು ಮುರಿದು ಮತ್ತೆ ತೊಟ್ಟಿಗೆ ಹಾಕಿದೆ. ಬೇಜಾರಾಗಲಿಲ್ಲ. ಎರಡನೆಯ ಸಲ ಬೆನ್ನಿನಿಂದ ಶುರು ಮಾಡಿದೆ. ಕಲ್ಲಿಗೆ ಇಳಿಸಲು ಏಳು ತಿಂಗಳು ಹಿಡಿಯಿತು. ಆ ಬಿರುಕಿನ ಮೂಲೆಯನ್ನು ಕೊಯ್ದು ತೆಗೆದದ್ದೇ ನೀಡಿದ ಕಾಲಿನ ಪಕ್ಕದ ಖಾಲಿ ಜಾಗವಾಯಿತು.

ಹೆಣ್ಣುಮಗಳಿಗೆ ಯಾಕೆ ಈ ಕಲ್ಲಿನ ಸಹವಾಸ ಅಂತ ನಮ್ಮ ನೆಂಟರಲ್ಲಿ ಕೇಳಿದವರಿದ್ದಾರೆ. ಅವರಿಗೆ ನಾನು ಕನಕಾ ಮೂರ್ತಿಯವರ ಹೆಸರು ಹೇಳುತ್ತೇನೆ. 1942ರಲ್ಲಿ ಇಲ್ಲೇ ತಿ. ನರಸೀಪುರದಲ್ಲಿ ಹುಟ್ಟಿದವರು. ಬೆಂಗಳೂರಿನ ಕಲಾಮಂದಿರದಲ್ಲಿ ಕಲಿತು, ದೇವಲಕುಂದ ವಾದಿರಾಜರ ಶಿಷ್ಯೆಯಾಗಿ ಉಳಿ ಹಿಡಿದವರು. ಲಾಲ್‌ಬಾಗಿನ ಪಶ್ಚಿಮ ದ್ವಾರದ ಬಳಿ ಕುವೆಂಪು ಅವರ ಶಿಲ್ಪ ನೋಡಿದ್ದೀರಲ್ಲ, ಅದು ಅವರದು. ವಿಶ್ವೇಶ್ವರಯ್ಯ ಮ್ಯೂಸಿಯಂನ ರೈಟ್ ಸೋದರರೂ ಅವರ ಕೈಯದೇ. ಜಕಣಾಚಾರಿ ಪ್ರಶಸ್ತಿ ಪಡೆದರು. 2021ರಲ್ಲಿ ಕೊರೋನಾ ಅವರನ್ನು ಒಯ್ದಿತು. ಸಾವಿರಾರು ಜನ ದಿನವೂ ಆ ಶಿಲ್ಪಗಳ ಪಕ್ಕ ಓಡಾಡುತ್ತಾರೆ, ಮಾಡಿದವರ ಹೆಸರು ಕೇಳುವವರು ಕಡಿಮೆ. ಮುಂದಿನ ಸಲ ಹೋದಾಗ ಮಕ್ಕಳಿಗೆ ಆ ಹೆಸರು ಹೇಳಿ.

ಪ್ರದರ್ಶನದ ಮಾತಿಗೆ ಬರುತ್ತೇನೆ. ಚಿತ್ರಕಾರರನ್ನು ಕಂಡರೆ ಈ ಒಂದು ವಿಷಯದಲ್ಲಿ ನನಗೆ ಆಸೆಯಾಗುತ್ತದೆ, ಅವರು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಬಹುದು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆಗೆ ಹೋದವರು ನೋಡಿರುತ್ತೀರಿ. ಜನವರಿಯ ಒಂದು ಭಾನುವಾರ ರಸ್ತೆಯ ಎರಡೂ ಬದಿಗೆ ಚಿತ್ರಗಳು ತೂಗಿರುತ್ತವೆ, ಮಧ್ಯೆ ಮಧ್ಯೆ ಒಬ್ಬೊಬ್ಬ ಶಿಲ್ಪಿ ನಾಲ್ಕು ಸಣ್ಣ ಮೂರ್ತಿ ಇಟ್ಟುಕೊಂಡು ಕೂತಿರುತ್ತಾನೆ. ಸಣ್ಣದನ್ನೇ ಏಕೆ ತಂದ ಅಂತ ಈಗ ನಿಮಗೆ ಗೊತ್ತು.

ನನ್ನ ಮೊದಲ ಪ್ರದರ್ಶನಕ್ಕೆ ಬೆಂಗಳೂರಿಗೆ ಆರು ಕೃತಿ ಕೊಂಡೊಯ್ದಿದ್ದೆ. ಟೆಂಪೋದ ತಳಕ್ಕೆ ಹಳೇ ಹಾಸಿಗೆ, ಮೇಲೆ ಬೈಹುಲ್ಲು, ಒಂದೊಂದಕ್ಕೂ ಗೋಣಿ ಸುತ್ತಿ ಹಗ್ಗ. ಗ್ಯಾಲರಿ ಮೊದಲ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಮೆಟ್ಟಿಲಲ್ಲಿ ಒಂದು ಮೂರ್ತಿಯ ಕಿವಿಯೋಲೆ ಚಕ್ಕೆ ಎದ್ದಿತು. ಇಡಲು ಕೊಟ್ಟ ಪೀಠ ತೆಳು ಪ್ಲೈವುಡ್ಡಿನದು, ಭಾರಕ್ಕೆ ಒಂದು ಬದಿ ಕುಸಿಯಿತು. ಕೊನೆಗೆ ನಾಲ್ಕನ್ನು ನೆಲದ ಮೇಲೆಯೇ ಇಟ್ಟೆ. ಅದಕ್ಕಿಂತ ನೋವಾದದ್ದು ಬೆಳಕಿನಿಂದ. ಎದುರಿಗೆ ಟ್ಯೂಬ್‌ಲೈಟ್ ಹಾಕಿದ್ದರು. ಚಿತ್ರಕ್ಕೆ ಅದು ನಡೆಯುತ್ತದೆ. ಶಿಲ್ಪಕ್ಕೆ ಪಕ್ಕದಿಂದ ಬೆಳಕು ಬೀಳಬೇಕು. ಹೊಳ್ಳೆಯ ಅಂಚು, ಸೀರೆಯ ನಿರಿಗೆ, ಬೆನ್ನಿನ ತಗ್ಗು ಇವೆಲ್ಲ ಇರುವುದು ನೆರಳಿನಲ್ಲಿ. ಎದುರು ಬೆಳಕಿನಲ್ಲಿ ಏಳು ತಿಂಗಳ ಕೆಲಸ ಚಪ್ಪಟೆಯಾಗಿ ಕಾಣುತ್ತದೆ. ಈಗ ಎಲ್ಲಿ ಹೋದರೂ ಮನೆಯಿಂದಲೇ ನಾಲ್ಕು ಫೋಕಸ್ ಲೈಟು, ನನ್ನದೇ ಮರದ ಪೀಠ ಒಯ್ಯುತ್ತೇನೆ. "ಮುಟ್ಟಬೇಡಿ" ಎಂಬ ಬೋರ್ಡನ್ನು ತೆಗೆಸುತ್ತೇನೆ. ನಾಲ್ಕು ಜನ ಮುಟ್ಟಿದರೆ ಕಲ್ಲೇನೂ ಸವೆಯುವುದಿಲ್ಲ, ಮುಟ್ಟದೆ ಅದು ಅರ್ಥವಾಗುವುದೂ ಕಷ್ಟ.

ಬಂದವರಲ್ಲಿ ಹೆಚ್ಚಿನವರು ಎದುರಿಗೆ ನಿಂತು ಒಂದು ಫೋಟೋ ತೆಗೆದುಕೊಂಡು ಮುಂದಕ್ಕೆ ಹೋದರು. ರುಬ್ಬುವ ಹೆಂಗಸಿನ ಬೆನ್ನು ನೋಡಿದವರು ಮೂರೇ ಮೂರು ಜನ. ನಾನು ಎಣಿಸಿದ್ದೆ.

ಪ್ರದರ್ಶನ ಮುಗಿದು ಮೂರ್ತಿಗಳು ವಾಪಸು ಬಂದ ದಿನ ಅಜ್ಜಿ, "ನಂಗೆ ಬೆಂಗಳೂರು ದೂರ ಆಯ್ತು, ನೋಡಕ್ಕಾಗ್ಲಿಲ್ಲ" ಎಂದರು. ಆ ಮಾತು ನಾಟಿತು. ರಾಮ್‌ಕಿಂಕರ್ ಬೈಜ್ 1938ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ಸಿಮೆಂಟು, ಕೆಂಪು ಜಲ್ಲಿ ಕಲಸಿ ಸಂತಾಲ ಕುಟುಂಬದ ಶಿಲ್ಪ ಮಾಡಿದರು. ಹೊಲಗದ್ದೆಗೆ ಹೋಗಿಬರುವ ಜನದ ಮೂರ್ತಿ ಇಂದಿಗೂ ಆ ಬಯಲಲ್ಲೇ ಇದೆ. ಅದನ್ನು ನೋಡಲು ಮೆಟ್ಟಿಲು ಹತ್ತಬೇಕಿಲ್ಲ. ನಾನೇಕೆ ಹಿತ್ತಲ ಗೇಟು ತೆಗೆಯಬಾರದು?

ಮುಂದಿನ ಭಾನುವಾರ ಗೇಟಿನ ಎರಡೂ ಬಾಗಿಲು ತೆರೆದಿಟ್ಟೆ. ಬೀದಿಯ ಮನೆಮನೆಗೆ ನಾನೇ ಹೋಗಿ ಕರೆದೆ. ಸಂಜೆ ನಾಲ್ಕರ ಓರೆ ಬಿಸಿಲು ಮೂರ್ತಿಗಳ ಮೇಲೆ ಬಿದ್ದಿತ್ತು, ಯಾವ ಫೋಕಸ್ ಲೈಟೂ ಬೇಕಾಗಲಿಲ್ಲ. ಆರು ಗಂಟೆಯೊಳಗೆ ನಲವತ್ತಕ್ಕೂ ಹೆಚ್ಚು ಜನ ಬಂದರು, ಹೂ ಮಾರುವಾಕೆ ಬುಟ್ಟಿ ಇಳಿಸಿ ಬಂದಳು, ಪರೀಕ್ಷೆಯ ಹುಡುಗ ಬಂದ. ಅಜ್ಜಿ ಮೊಮ್ಮಗಳ ಕೈ ಹಿಡಿದು ಮೊದಲ ಸಲ ಬೇಲಿ ಸುತ್ತಿಕೊಂಡು ಈಚೆಗೆ ಬಂದರು. ಮೂರ್ತಿಯ ಮುಖ ನೋಡಲೇ ಇಲ್ಲ. ನೇರ ಹಿಂದಕ್ಕೆ ಹೋಗಿ ಬೆನ್ನಿನ ಮೇಲೆ ಅಂಗೈ ಇಟ್ಟರು. ಒಂದು ನಿಮಿಷ ಹಾಗೇ ನಿಂತು, ಮೊಮ್ಮಗಳಿಗೆ, "ಇಲ್ಲಿ ಮುಟ್ಟು, ನೋವು ಬರ್ತಿದ್ದದ್ದು ಇಲ್ಲೇ" ಎಂದರು.

ಆ ಮೂರ್ತಿಯನ್ನು ಕೊಳ್ಳಲು ಆಮೇಲೆ ಇಬ್ಬರು ಕೇಳಿದರು. ಕೊಟ್ಟಿಲ್ಲ. ಈಗ ಅದು ಬೇಲಿಯ ಪಕ್ಕ, ದಾಸವಾಳದ ನೆರಳಲ್ಲಿ, ಬೆನ್ನು ಅಜ್ಜಿಯ ಮನೆ ಕಡೆಗೆ ಮಾಡಿ ಕೂತಿದೆ. ವರ್ಷಕ್ಕೆರಡು ಭಾನುವಾರ ಗೇಟು ತೆರೆದಿಡುತ್ತೇನೆ.

ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಊರಲ್ಲಿ ಶಿಲ್ಪಗಳ ಪ್ರದರ್ಶನ ನಡೆದರೆ ಹೋಗಿ, ಮಕ್ಕಳನ್ನು ಕರೆದುಕೊಂಡು ಹೋಗಿ. ಕೊಳ್ಳದಿದ್ದರೂ ಚಿಂತೆಯಿಲ್ಲ. ಪ್ರತಿ ಮೂರ್ತಿಗೂ ಒಂದು ಪೂರ್ತಿ ಸುತ್ತು ಹಾಕಿ, ಹಿಂದಕ್ಕೆ ಹೋಗಿ ಬೆನ್ನು ನೋಡಿ. ಪಕ್ಕದಲ್ಲಿ ನಿಂತ ಶಿಲ್ಪಿಗೆ ಅಷ್ಟು ಸಾಕು.